ಬೇಲಿಯ ಗೌರಿ, ತೋಟದ ಸುಗಂಧರಾಜ

ಲಿಲ್ಲಿ ಎಂಬ ಹೆಸರು ಪರದೇಶದ್ದು. ಆದರೆ ಆ ಹೆಸರಿಗೆ ಹೊಂದುವ ಹೂಗಳು ಹಾವೇರಿ ಸೀಮೆಗೆ ಹೊಸತಲ್ಲ. ಮೊದಲ ಮಳೆಗೆ ಕುಂಡದಲ್ಲಿ ಅರಳುವ ಮಳೆ ಲಿಲ್ಲಿ, ವರ್ಷಕ್ಕೊಮ್ಮೆ ಕೆಂಪು ಚೆಂಡಿನಂತೆ ಮೂಡುವ ಮೇ ಫ್ಲವರ್, ಮದುವೆ ಹಾರದ ಸುಗಂಧರಾಜ, ಬೇಲಿಗೆ ಹಬ್ಬುವ ಗೌರಿ ಹೂ ಎಲ್ಲವೂ ನೋಡುವ ಕಣ್ಣಿಗೆ ಒಂದೇ ಬಳಗ. ಸಸ್ಯಶಾಸ್ತ್ರ ಮಾತ್ರ ಇವನ್ನು ಬೇರೆ ಬೇರೆ ಕುಟುಂಬಗಳಿಗೆ ಸೇರಿಸಿದೆ. ನಿಜವಾದ ಲಿಲ್ಲಿಯನ್ನು ಕಾಡಿನಲ್ಲಿ ಕಾಣಬೇಕೆಂದರೆ ನೀಲಗಿರಿಯಂತಹ ಎತ್ತರದ ಬೆಟ್ಟಗಳಿಗೇ ಹೋಗಬೇಕು.

ಈ ಬಳಗದಲ್ಲಿ ಸುಗಂಧರಾಜ ಮತ್ತು ಗೌರಿ ಹೂವಿನ ಚರಿತ್ರೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಹೊರಗಿನಿಂದ ಬಂದದ್ದು ತೋಟದಲ್ಲಿ ರಾಜನಾಯಿತು. ಇಲ್ಲಿಯದೇ ಆದದ್ದು ಬೇಲಿಯಲ್ಲೇ ಉಳಿಯಿತು.

ಸುಗಂಧರಾಜದ ತವರು ಮೆಕ್ಸಿಕೊ. ಅಲ್ಲಿನ ಅಜ್ಟೆಕ್ ಜನ ಅದನ್ನು ‘ಮೂಳೆ ಹೂ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಿದ್ದರು. 16ನೇ ಶತಮಾನದಲ್ಲಿ ಸ್ಪೇನಿನವರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿಂದ ಅದು ಭಾರತಕ್ಕೆ ಬಂತು. ಬ್ಯಾಡಗಿಯ ಹೆಸರನ್ನು ಜಗತ್ತಿಗೆ ತಿಳಿಸಿದ ಮೆಣಸಿನಕಾಯಿಯ ಮೂಲವೂ ಮೆಕ್ಸಿಕೊದ ಸೀಮೆಯೇ ಎಂಬುದು ಗಮನಾರ್ಹ. ಪೋರ್ಚುಗೀಸರ ಹಡಗಿನಲ್ಲಿ ಬಂದ ಆ ಕಾಯಿ ಈ ಮಣ್ಣಿಗೆ ಎಷ್ಟು ಒಗ್ಗಿತೆಂದರೆ 2011ರಲ್ಲಿ ‘ಬ್ಯಾಡಗಿ ಮೆಣಸಿನಕಾಯಿ’ಗೆ ಭೌಗೋಳಿಕ ಸೂಚಕದ ಮಾನ್ಯತೆಯೇ ದೊರೆಯಿತು. ಸುಗಂಧರಾಜಕ್ಕೂ ಕರ್ನಾಟಕ ಆಸರೆ ಕೊಟ್ಟಿದೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಮುಂತಾದ ತಳಿಗಳನ್ನು ರೂಪಿಸಿದೆ.

ಗೌರಿ ಹೂವಿಗೆ ಇಂತಹ ಪೋಷಕರು ಸಿಗಲಿಲ್ಲ. ಮುಂಗಾರಿನಲ್ಲಿ ನೆಲದೊಳಗಿನ ಗಡ್ಡೆ ಚಿಗುರಿ ಬಳ್ಳಿಯಾಗುತ್ತದೆ. ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಗಿಡವನ್ನು ಹಿಡಿದುಕೊಳ್ಳುತ್ತದೆ. ಗೌರಿ ಹಬ್ಬದ ಹೊತ್ತಿಗೆ, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪಾಗಿ, ಅಂಚು ನಿರಿಗೆಗಟ್ಟಿದ 6 ಎಸಳುಗಳು ಮೇಲಕ್ಕೆ ಮಡಚಿ ಉರಿಯಂತೆ ನಿಲ್ಲುತ್ತವೆ. ಅಗ್ನಿಶಿಖೆ ಎಂಬ ಹೆಸರು ಬಂದದ್ದು ಹಾಗೆ. ಗಡ್ಡೆ ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದಲ್ಲಿ ಲಾಂಗಲಿ ಎನ್ನುತ್ತಾರೆ. ಲಾಂಗಲ ಎಂದರೆ ನೇಗಿಲು.

ವಿದೇಶಿಯರು ಇದನ್ನು ಬೇಗನೆ ಗುರುತಿಸಿದರು. ಮಲಬಾರಿನ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಲ್ಲಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ನಲ್ಲಿ ಇದರ ಚಿತ್ರವಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ‘ಗ್ಲೋರಿಯೋಸ ಸುಪರ್ಬ’ ಎಂಬ ವೈಭವದ ಹೆಸರನ್ನಿಟ್ಟ. ಇಂದು ಇದು ತಮಿಳುನಾಡಿನ ರಾಜ್ಯಪುಷ್ಪ.

ಚೆಲುವಿನೊಡನೆ ವಿಷವೂ ಇದೆ. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ. ಗಡ್ಡೆಯಲ್ಲಿ, ಬೀಜದಲ್ಲಿ, ಎಲೆಯಲ್ಲಿ ಎಲ್ಲೆಡೆ ಕೋಲ್ಚಿಸಿನ್ ಎಂಬ ವಸ್ತುವಿದ್ದು, ಅದು ಜೀವಕೋಶಗಳು ಇಬ್ಭಾಗವಾಗುವುದನ್ನೇ ತಡೆಯುತ್ತದೆ. ಗೆಣಸೆಂದು ತಿಳಿದು ಗಡ್ಡೆ ತಿಂದವರು ಸತ್ತದ್ದುಂಟು. ಆದ್ದರಿಂದ ಮನೆಮದ್ದಿಗೆ ಇದನ್ನು ಮುಟ್ಟಲೇಬಾರದು. ಆದರೆ ವೈದ್ಯರ ಅಳತೆಯಲ್ಲಿ ಅದೇ ವಿಷ ಔಷಧಿ. ಯೂರಿಕ್ ಆಮ್ಲ ಹೆಚ್ಚಿ ಕೀಲು ಊದುವ ಗೌಟ್ ರೋಗಕ್ಕೆ ಅದನ್ನು ಕೊಡುತ್ತಾರೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ, ಹೃದಯಾಘಾತದ ಅಪಾಯ ತಗ್ಗಿಸಲು ಅಲ್ಪ ಪ್ರಮಾಣದ ಕೋಲ್ಚಿಸಿನ್ ಬಳಕೆಗೆ ಒಪ್ಪಿಗೆ ನೀಡಿತು.

ತಮಿಳುನಾಡಿನ ಒಣಸೀಮೆಯ ರೈತರು ಬೀಜಕ್ಕಾಗಿಯೇ ಈ ಬಳ್ಳಿಯನ್ನು ಬೆಳೆದು ಔಷಧ ಕಂಪನಿಗಳಿಗೆ ಮಾರುತ್ತಾರೆ. ಹೂವಿನ ಶಲಾಕೆ ಅಡ್ಡಕ್ಕೆ ಬಾಗಿರುವುದರಿಂದ ಪರಾಗ ತಾನಾಗಿ ಅದನ್ನು ಮುಟ್ಟುವುದು ಕಷ್ಟ. ಅದಕ್ಕಾಗಿ ಬೆಳಗಿನ ಹೊತ್ತು ಒಂದೊಂದೇ ಹೂವಿಗೆ ಕೈಯಿಂದ ಪರಾಗ ಹಚ್ಚಬೇಕು. ತರಕಾರಿ ಮತ್ತು ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆಗೆ ಹೆಸರಾದ ರಾಣೆಬೆನ್ನೂರು ಸೀಮೆಯ ಹೆಣ್ಣುಮಕ್ಕಳಿಗೆ ಈ ‘ಕ್ರಾಸಿಂಗ್’ ಕೆಲಸವನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗೆಂದು ಎಲ್ಲರೂ ನಾಳೆಯೇ ಇದನ್ನು ಬಿತ್ತಬೇಕೆಂದಲ್ಲ. ಬೆಲೆಯ ಏರಿಳಿತ ಈ ಬೆಳೆಗೂ ತಪ್ಪಿದ್ದಲ್ಲ. ಪ್ರಶ್ನೆ ಇರುವುದು ಬೇಲಿಯದು. ಮುಳ್ಳುಬೇಲಿ ಕಿತ್ತು ತಂತಿ ಎಳೆದು, ಬದುವನ್ನು ಸವರಿ ಒಂದು ಸಾಲು ಹೆಚ್ಚು ಬಿತ್ತಿದಲ್ಲಿ ಬಳ್ಳಿಗೆ ಹಬ್ಬಲು ಆಸರೆಯಿಲ್ಲ, ಗಡ್ಡೆಗೆ ಉಳಿಯಲು ನೆಲವಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗಕ್ಕೆ 1974ರಲ್ಲಿ ಅಭಯಾರಣ್ಯ ದೊರೆಯಿತು. ಬೇಲಿಯ ಹೂವಿಗೆ ಅಭಯ ಕೊಡಬೇಕಾದವನು ಹೊಲದ ಒಡೆಯನೇ. ಮೆಕ್ಸಿಕೊದ ಎರಡು ಬೆಳೆಗಳನ್ನು ತನ್ನದಾಗಿಸಿಕೊಂಡ ಈ ಸೀಮೆಗೆ, ತನ್ನದೇ ಆದ ಒಂದು ಬಳ್ಳಿಗೆ ಬದುವಿನಲ್ಲಿ ಮೊಳ ಜಾಗ ಬಿಡುವುದು ಭಾರವಾಗಲಾರದು.