ಗ್ಯಾಸ್‌ಲೈಟಿನ ಬತ್ತಿಯೊಳಗಿನ ಥೋರಿಯಂ

ತುಂಗಭದ್ರೆಯ ದಡದ ನಮ್ಮ ಮಾಗಳದ ಕಡೆ ಬಯಲಾಟ ಗೊತ್ತಾದರೆ ಮೊದಲು ಗ್ಯಾಸ್‌ಲೈಟಿನವನಿಗೆ ಹೇಳಿಬರಬೇಕಿತ್ತು. ಸೀಮೆಎಣ್ಣೆ ತುಂಬಿ, ಪಂಪು ಹೊಡೆದು, ಬಲೆಯಂಥ ಚೀಲದ ಬತ್ತಿಗೆ ಬೆಂಕಿ ತಾಗಿಸಿದರೆ ನೂಲು ಸುಟ್ಟು, ಮುಟ್ಟಿದರೆ ಉದುರುವ ಬಿಳಿ ಗೂಡು ಉಳಿಯುತ್ತಿತ್ತು. ಕಣ್ಣು ಕೋರೈಸುತ್ತಿದ್ದದ್ದು ಆ ಗೂಡೇ. ಅದರಲ್ಲಿ ಶೇಕಡಾ 99 ಥೋರಿಯಂ ಆಕ್ಸೈಡ್, 1ರಷ್ಟು ಸೀರಿಯಂ ಆಕ್ಸೈಡ್. ಆಸ್ಟ್ರಿಯಾದ ಕಾರ್ಲ್ ಔಅರ್ 1891ರಲ್ಲಿ ಹದಗೊಳಿಸಿದ ಪಾಕ. ನಮ್ಮ ದುಶ್ಯಾಸನ ಮೀಸೆ ತಿರುವಿದ್ದೆಲ್ಲ ಥೋರಿಯಂ ಬೆಳಕಿನಲ್ಲೇ!

ಈ ಬತ್ತಿಯ ಹಸಿವೇ ತಿರುವಾಂಕೂರಿನ ಮರಳಿಗೆ ಬೆಲೆ ತಂದಿತು. ತೆಂಗಿನ ನಾರಿಗೆ ಅಂಟಿಕೊಂಡು ಜರ್ಮನಿ ಸೇರಿದ್ದ ಹೊಳೆಯುವ ಮರಳಿನ ಜಾಡು ಹಿಡಿದು ಶೋಂಬರ್ಗ್ ಎಂಬಾತ 1909ರಲ್ಲಿ ಅಲ್ಲಿ ಮೊನಜೈಟ್ ಕಂಡ. ಮುಂದೆ ಅಣುಬಾಂಬು ಬಿದ್ದ ಮೇಲೆ ಆ ಮರಳಿನ ಅರ್ಥವೇ ಬೇರೆಯಾಯಿತು. 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಹುಟ್ಟಿತು. 1954ರಲ್ಲಿ ಹೋಮಿ ಭಾಭಾ ಮೂರು ಹಂತಗಳ ಲೆಕ್ಕ ಮುಂದಿಟ್ಟರು.

ಲೆಕ್ಕ ಯಾಕೆಂದರೆ, ಥೋರಿಯಂ ಹಸಿ ಕಟ್ಟಿಗೆ ಇದ್ದಂತೆ. ತಾನಾಗಿ ಹತ್ತದು. ಬೇರೆ ಒಲೆಯಿಂದ ಬಂದ ನ್ಯೂಟ್ರಾನನ್ನು ನುಂಗಿ, ಪ್ರೊಟ್ಯಾಕ್ಟಿನಿಯಂ ಆಗಿ, ವಾರಗಟ್ಟಲೆ ಕಾದು ಯುರೇನಿಯಂ 233 ಆದಮೇಲಷ್ಟೇ ಉರಿಯುತ್ತದೆ. ಹಾಗಾಗಿ ಮೊದಲು ಯುರೇನಿಯಂ ಉರಿಸಿ ಪ್ಲುಟೋನಿಯಂ ಗಳಿಸಬೇಕು, ಆ ಪ್ಲುಟೋನಿಯಂ ಅನ್ನು ಫಾಸ್ಟ್ ಬ್ರೀಡರ್‌ನಲ್ಲಿ ಬೆಳೆಸಬೇಕು, ಥೋರಿಯಂ ಸರದಿ ಆಮೇಲೆ. ಬೀಜಕ್ಕೇ ಬರವಿರುವವನ ಬೇಸಾಯ ಇದು.

ಬರ ಹೆಚ್ಚಿಸಿದ್ದರಲ್ಲಿ ತುಮಕೂರಿನವರಾದ ರಾಜಾ ರಾಮಣ್ಣನವರ ಪಾಲೂ ಇತ್ತೆನ್ನಬೇಕು. ಅವರ ಮುಂದಾಳ್ತನದಲ್ಲಿ 1974ರ ಪೋಖ್ರಾನ್ ಸ್ಫೋಟ ನಡೆದ ಮೇಲೆ ಹೊರಗಿನ ಬಾಗಿಲುಗಳು ಮುಚ್ಚಿದವು. ಕಲ್ಪಾಕ್ಕಂನ ಪುಟ್ಟ ಬ್ರೀಡರ್‌ಗೆ ಫ್ರಾನ್ಸಿನಿಂದ ಬರಬೇಕಿದ್ದ ಇಂಧನ ಬರಲಿಲ್ಲ. ನಮ್ಮವರು ಪ್ಲುಟೋನಿಯಂ ಕಾರ್ಬೈಡ್ ಬೆರೆಸಿದ ಇಂಧನ ತಾವೇ ಮಾಡಿಕೊಂಡು 1985ರಲ್ಲಿ ಅದನ್ನು ಹೊತ್ತಿಸಿದರು. ಇದನ್ನು ಸಾಹಸ ಎನ್ನಲು ನನಗೆ ಸಂಕೋಚವಿಲ್ಲ, ದುಬಾರಿ ಸಾಹಸ.

ಮೊದಲ ಹಂತದ ಭಾರ ಕರ್ನಾಟಕದಲ್ಲಿ ಬಿದ್ದದ್ದು ಕೈಗಾದ ಕಾಡಿನ ಮೇಲೆ. ಬೇಡವೆಂದು ಶಿವರಾಮ ಕಾರಂತರು 1989ರಲ್ಲಿ ಲೋಕಸಭೆ ಚುನಾವಣೆಗೇ ನಿಂತರು, ಸೋತರು. 1994ರ ಮೇ ತಿಂಗಳಲ್ಲಿ ಕಟ್ಟುತ್ತಿದ್ದ ಗುಮ್ಮಟ ಕುಸಿಯಿತು. 2000ದಲ್ಲಿ ವಿದ್ಯುತ್ ಬಂತು. ಆ ಸ್ಥಾವರಗಳ ಮೊದಲ ಇಂಧನದ ನಡುವೆ ಥೋರಿಯಂ ಕಟ್ಟುಗಳನ್ನೂ ಇಟ್ಟಿದ್ದರು, ಉರಿಸಲಿಕ್ಕಲ್ಲ. ಕಾವು ಒಂದೇ ಕಡೆ ಗುಡ್ಡೆಯಾಗದಿರಲಿ ಎಂದು. ಧಗಧಗಿಸುವ ಒಲೆಗೆ ಹಸಿ ಕಟ್ಟಿಗೆ ತುರುಕಿದ ಹಾಗೆ.

ಥೋರಿಯಂನಿಂದ ಹುಟ್ಟಿದ ಯುರೇನಿಯಂ 233 ನಿಜವಾಗಿ ಉರಿಯುವುದು ಕಲ್ಪಾಕ್ಕಂನ 'ಕಾಮಿನಿ'ಯಲ್ಲಿ, 1996ರಿಂದ. ಅದರ ಶಾಖ 30 ಕಿಲೋವಾಟ್. ನಮ್ಮ ಹೊಲದ 10 ಎಚ್‌ಪಿ ಪಂಪ್‌ಸೆಟ್ಟು ನಾಲ್ಕರ ಬಲ, ಅದೂ ವಿದ್ಯುತ್ತಲ್ಲ. 500 ಮೆಗಾವಾಟಿನ ದೊಡ್ಡ ಬ್ರೀಡರ್‌ನ ಕೆಲಸ 2004ರಲ್ಲಿ ಶುರುವಾಗಿ, ಅದರ ಕೋರ್ ತುಂಬಲು ಕೈಹಚ್ಚಿದ್ದು 2024ರ ಮಾರ್ಚ್‌ನಲ್ಲಿ. ಅತ್ತ ಚೀನಾ, ಅಮೆರಿಕದವರು 1969ರಲ್ಲಿ ನಿಲ್ಲಿಸಿದ ಕರಗಿದ ಲವಣದ ದಾರಿ ಹಿಡಿದು, ಗೋಬಿ ಮರುಭೂಮಿಯಲ್ಲಿ 2 ಮೆಗಾವಾಟಿನ ಥೋರಿಯಂ ಸ್ಥಾವರಕ್ಕೆ 2023ರಲ್ಲಿ ಪರವಾನಗಿ ಕೊಟ್ಟಿದೆ.

ನೂರಾರು ವರ್ಷಕ್ಕಾಗುವಷ್ಟು ಥೋರಿಯಂ ನಮ್ಮಲ್ಲಿದೆ ಎಂಬ ಭಾಷಣ ಕೇಳಿದಾಗಲೆಲ್ಲ ನಾನು ಪ್ಲುಟೋನಿಯಂ ಎಷ್ಟಿದೆ ಎಂದು ಕೇಳಬೇಕೆಂದುಕೊಳ್ಳುತ್ತೇನೆ. ಕೈಗಾಕ್ಕೆ 700 ಮೆಗಾವಾಟಿನ ಇನ್ನೆರಡು ಘಟಕ ಮಂಜೂರಾಗಿವೆ. ಅವೂ ಯುರೇನಿಯಂನವೇ.