ಪರದೆಯ ಪ್ರತಿಕ್ರಿಯಾ ಕಾಲ

ಪರದೆಯ ಪ್ರತಿಕ್ರಿಯಾ ಕಾಲ ಎಂದರೆ ದೂರದರ್ಶನ, ಗಣಕಯಂತ್ರ ಅಥವಾ ಮೊಬೈಲಿನ ಪರದೆಯಲ್ಲಿರುವ ಪಿಕ್ಸೆಲ್ ಎಂಬ ಚಿತ್ರಬಿಂದು ತನ್ನ ಬೆಳಕಿನ ಮಟ್ಟವನ್ನು ಬದಲಿಸಿಕೊಳ್ಳಲು ತೆಗೆದುಕೊಳ್ಳುವ ಅವಧಿ. ಇದನ್ನು ಮಿಲಿಸೆಕೆಂಡುಗಳಲ್ಲಿ ಹೇಳುವುದು ರೂಢಿ. ಅವಧಿ ದೀರ್ಘವಾದಷ್ಟೂ ಚಲಿಸುವ ಚಿತ್ರದ ಹಿಂದೆ ಮಸುಕಾದ ಬಾಲ ಕಾಣಿಸಿಕೊಳ್ಳುತ್ತದೆ. ಕೊಳ್ಳುವವರ ಗಮನ ಸೆಳೆಯಲು ಪೆಟ್ಟಿಗೆಯ ಮೇಲೆ ಮುದ್ರಿಸುವ ಸಂಖ್ಯೆಗಳಲ್ಲಿ ಇದೂ ಒಂದು. ಅಳೆದ ವಿಧಾನವನ್ನು ತಿಳಿಸದಿದ್ದರೆ ಆ ಸಂಖ್ಯೆಗೆ ಹೆಚ್ಚಿನ ಬೆಲೆಯಿಲ್ಲ.

ಕಾಲದ ಸಣ್ಣ ಮಾನಗಳು

ಸೆಕೆಂಡಿನ ಸಾವಿರದ ಒಂದು ಭಾಗ ಮಿಲಿಸೆಕೆಂಡು, ಹತ್ತು ಲಕ್ಷದ ಒಂದು ಭಾಗ ಮೈಕ್ರೊಸೆಕೆಂಡು, ನೂರು ಕೋಟಿಯ ಒಂದು ಭಾಗ ನ್ಯಾನೊಸೆಕೆಂಡು. ಇವು ಅನುಭವಕ್ಕೆ ನಿಲುಕುವ ಮಾನಗಳಲ್ಲವಾದ್ದರಿಂದ ಪರಿಚಿತ ಅಳತೆಯೊಂದಿಗೆ ಹೋಲಿಸಿ ನೋಡುವುದು ಒಳ್ಳೆಯದು.

ಆರ್ಯಭಟೀಯದ ಪ್ರಕಾರ ಒಂದು ದಿನಕ್ಕೆ 60 ನಾಡಿ, ಒಂದು ನಾಡಿಗೆ 60 ವಿನಾಡಿ, ಒಂದು ವಿನಾಡಿಗೆ 60 ಗುರ್ವಕ್ಷರ. ಕನ್ನಡದಲ್ಲಿ ಗಳಿಗೆ ಎನ್ನುವುದು ಈ ನಾಡಿಯನ್ನೇ. ಅದು 24 ನಿಮಿಷ. ವಿನಾಡಿ 24 ಸೆಕೆಂಡು. ಒಂದು ಗುರ್ವಕ್ಷರವನ್ನು ಉಚ್ಚರಿಸುವ ಕಾಲ 0.4 ಸೆಕೆಂಡು, ಅಂದರೆ 400 ಮಿಲಿಸೆಕೆಂಡು. ಛಂದಸ್ಸಿನಲ್ಲಿ ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ಹಾಗಾಗಿ ಒಂದು ಮಾತ್ರೆಗೆ 200 ಮಿಲಿಸೆಕೆಂಡು ದೊರೆಯುತ್ತದೆ. ಪ್ರಸ್ತಾರ ಹಾಕಿ ಕಲಿತವರಿಗೆ ಇದಕ್ಕಿಂತ ಹತ್ತಿರದ ಅಳತೆಗೋಲು ಬೇಕಿಲ್ಲ. ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವ, ಅಂದರೆ 60 ಹರ್ಟ್ಜ್‌ನ ಪರದೆಯು ಒಂದು ಲಘುವನ್ನು ಉಚ್ಚರಿಸುವಷ್ಟರಲ್ಲಿ 12 ಚಿತ್ರಗಳನ್ನು ತೋರಿಸಿರುತ್ತದೆ.

ಬೇಲೂರು, ಹಳೇಬೀಡು, ಅರಸೀಕೆರೆಗಳ ಹೊಯ್ಸಳ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳಿಂದ ಕಾಲವನ್ನು ಗುರುತಿಸುವ ಕ್ರಮವಿದೆ. ದಾನವನ್ನು ದಾಖಲಿಸಲು ಅಷ್ಟು ಸಾಕಾಗಿತ್ತು. ಯಾವ ಮಾನವನ್ನು ಎಷ್ಟು ಸಣ್ಣದಾಗಿ ಒಡೆಯಬೇಕೆಂಬುದನ್ನು ಬಳಕೆಯೇ ನಿರ್ಧರಿಸುತ್ತದೆ.

ವಿಳಂಬಕ್ಕೆ ಕಾರಣ

ಎಲ್‌ಸಿಡಿ ಪರದೆಯಲ್ಲಿ ಎರಡು ಗಾಜಿನ ಹಾಳೆಗಳ ನಡುವೆ ದ್ರವಸ್ಫಟಿಕದ ತೆಳುವಾದ ಪದರವಿರುತ್ತದೆ. ವಿದ್ಯುತ್ ಒತ್ತಡ ಬಿದ್ದಾಗ ಅದರ ಅಣುಗಳು ತಿರುಗಿ, ಹಾದುಹೋಗುವ ಬೆಳಕಿನ ಪ್ರಮಾಣವನ್ನು ಬದಲಿಸುತ್ತವೆ. ಒತ್ತಡ ಹೆಚ್ಚಿದಷ್ಟೂ ಅವು ಬೇಗ ತಿರುಗುತ್ತವೆ. ಒತ್ತಡ ತೆಗೆದ ಮೇಲೆ ಮಾತ್ರ ಅವು ತಮ್ಮ ಸ್ಥಿತಿಸ್ಥಾಪಕ ಗುಣದಿಂದಲೇ ಮೊದಲಿನ ಸ್ಥಿತಿಗೆ ಮರಳಬೇಕು. ಆ ಮರಳುವಿಕೆಯನ್ನು ಹೊರಗಿನಿಂದ ಅವಸರಿಸಲಾಗದು. ಮರಳುವ ಅವಧಿಯು ಪದರದ ದಪ್ಪದ ವರ್ಗಕ್ಕೆ ಅನುಪಾತದಲ್ಲಿರುತ್ತದೆ: ದಪ್ಪವನ್ನು ಅರ್ಧಕ್ಕೆ ಇಳಿಸಿದರೆ ಅವಧಿ ಕಾಲು ಭಾಗವಾಗುತ್ತದೆ. ಚಳಿಯಲ್ಲಿ ದ್ರವದ ಸ್ನಿಗ್ಧತೆ ಹೆಚ್ಚುವುದರಿಂದ ಪರದೆ ನಿಧಾನವಾಗುತ್ತದೆ.

ಅಳತೆ

ಹಿಂದೆ ಕಪ್ಪಿನಿಂದ ಬಿಳಿಗೆ ಹೋಗಿ ಮತ್ತೆ ಕಪ್ಪಿಗೆ ಮರಳುವ ಒಟ್ಟು ಕಾಲವನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು. ಈಗ ಬೂದುಬಣ್ಣದ ಒಂದು ಛಾಯೆಯಿಂದ ಇನ್ನೊಂದಕ್ಕೆ ಹೋಗುವ ಕಾಲವನ್ನು 'ಜಿಟಿಜಿ' ಎಂದು ನಮೂದಿಸುತ್ತಾರೆ. ಸಾಮಾನ್ಯವಾಗಿ ಬದಲಾವಣೆಯ ಶೇ. 10ರಿಂದ ಶೇ. 90ರವರೆಗಿನ ಭಾಗವನ್ನು ಮಾತ್ರ ಅಳೆಯುವುದರಿಂದ ಮೊದಲ ಮತ್ತು ಕೊನೆಯ ತೆವಳಿಕೆ ಲೆಕ್ಕಕ್ಕೆ ಬರುವುದಿಲ್ಲ. ಛಾಯೆಗಳ ಜೋಡಿ ಬದಲಾದರೆ ಅವಧಿಯೂ ಬದಲಾಗುತ್ತದೆ. ಪೆಟ್ಟಿಗೆಯ ಮೇಲಿರುವುದು ಅತಿ ವೇಗದ ಜೋಡಿಯ ಅಂಕಿಯಾಗಿರಬಹುದು. ಕೆಲವು ಪರದೆಗಳಲ್ಲಿ 'ಓವರ್‌ಡ್ರೈವ್' ಎಂಬ ವ್ಯವಸ್ಥೆ ಕ್ಷಣಕಾಲ ಅಗತ್ಯಕ್ಕಿಂತ ಹೆಚ್ಚು ಒತ್ತಡ ಕೊಟ್ಟು ಅವಧಿಯನ್ನು ತಗ್ಗಿಸುತ್ತದೆ. ಅದು ಅತಿಯಾದರೆ ಚಿತ್ರದ ಅಂಚಿನಲ್ಲಿ ವಿರುದ್ಧ ಛಾಯೆಯ ಪ್ರಭೆ ಏಳುತ್ತದೆ.

ಒಂದು ಲೆಕ್ಕ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಕೆಳಸಾಲಿನಲ್ಲಿರುವ ಆನೆಗಳನ್ನು ಕ್ಯಾಮೆರಾವನ್ನು ಪಕ್ಕಕ್ಕೆ ಸರಿಸುತ್ತ ಚಿತ್ರೀಕರಿಸಿದ್ದಾರೆ ಎಂದುಕೊಳ್ಳೋಣ. ಅಡ್ಡಲಾಗಿ 1920 ಬಿಂದುಗಳಿರುವ ಪರದೆಯನ್ನು ಒಂದು ಆನೆ ಎರಡು ಸೆಕೆಂಡಿನಲ್ಲಿ ದಾಟಿದರೆ ಅದರ ವೇಗ ಸೆಕೆಂಡಿಗೆ 960 ಬಿಂದುಗಳು, ಅಂದರೆ ಮಿಲಿಸೆಕೆಂಡಿಗೆ ಸುಮಾರು ಒಂದು ಬಿಂದು. ಪ್ರತಿಕ್ರಿಯಾ ಕಾಲ 5 ಮಿಲಿಸೆಕೆಂಡಾದರೆ ಬಾಲ ಸುಮಾರು ಐದು ಬಿಂದುಗಳಷ್ಟು, 20 ಆದರೆ ಸುಮಾರು ಹತ್ತೊಂಬತ್ತು. ಆದರೆ 60 ಹರ್ಟ್ಜ್‌ನ ಪರದೆಯಲ್ಲಿ ಪ್ರತಿ ಚಿತ್ರವೂ 16.7 ಮಿಲಿಸೆಕೆಂಡು ಅಲ್ಲಾಡದೆ ನಿಂತಿರುತ್ತದೆ, ನೋಡುವ ಕಣ್ಣು ಮಾತ್ರ ಆನೆಯ ಹಿಂದೆ ಸರಿಯುತ್ತಲೇ ಇರುತ್ತದೆ. ಇದರಿಂದಲೇ ಸುಮಾರು 16 ಬಿಂದುಗಳಷ್ಟು ಮಸುಕು ಉಂಟಾಗುತ್ತದೆ. ಪ್ರತಿಕ್ರಿಯಾ ಕಾಲ ಸೊನ್ನೆಯಾದರೂ ಅದು ತಪ್ಪದು. ಹೀಗಿರುವಾಗ 60 ಹರ್ಟ್ಜ್‌ನ ಪರದೆಗೆ 5ರ ಬದಲು 1 ಮಿಲಿಸೆಕೆಂಡು ಎಂದು ಬರೆದಿರುವ ಕಾರಣಕ್ಕೆ ಹೆಚ್ಚು ಹಣ ತೆರುವುದು ಅಷ್ಟೇನೂ ಲಾಭದಾಯಕವಲ್ಲ. ಪಾಠ, ಬರವಣಿಗೆ, ಲೆಕ್ಕಪತ್ರಗಳ ಕೆಲಸಕ್ಕಂತೂ ಈ ವ್ಯತ್ಯಾಸ ಗಮನಕ್ಕೇ ಬಾರದು.

ಗುಂಡಿ ಒತ್ತಿದ ಮೇಲೆ ಅದರ ಫಲ ಪರದೆಯಲ್ಲಿ ಮೂಡುವವರೆಗಿನ ತಡ ಬೇರೆಯದೇ ವಿಷಯ. ಅದನ್ನು ಪ್ರತಿಕ್ರಿಯಾ ಕಾಲದೊಂದಿಗೆ ಬೆರೆಸಬಾರದು.

ಇತರ ಪರದೆಗಳು

ಓಎಲ್‌ಇಡಿ ಪರದೆಯಲ್ಲಿ ತಿರುಗಬೇಕಾದ ಅಣುಗಳಿಲ್ಲದ ಕಾರಣ ಬದಲಾವಣೆ ಒಂದು ಮಿಲಿಸೆಕೆಂಡಿಗಿಂತಲೂ ಬಹಳ ಬೇಗ ಮುಗಿಯುತ್ತದೆ. ಅರಸೀಕೆರೆಯಂತಹ ಜಂಕ್ಷನ್ ನಿಲ್ದಾಣಗಳಲ್ಲಿ ಬಳಸುವ ಬಗೆಯ ಎಲ್‌ಇಡಿ ಫಲಕಗಳ ದೀಪಗಳೂ ಅತಿ ಶೀಘ್ರವಾದವು. ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಫಲಕದ ಕೆಲವು ಸಾಲುಗಳು ಕಾಣೆಯಾಗಲು ದೀಪದ ನಿಧಾನ ಕಾರಣವಲ್ಲ. ಸಾಲುಗಳನ್ನು ಒಂದಾದ ಮೇಲೊಂದು ಬೆಳಗಿಸಲಾಗುತ್ತದೆ, ಕ್ಯಾಮೆರಾ ಅವುಗಳಲ್ಲಿ ಕೆಲವನ್ನಷ್ಟೇ ಹಿಡಿಯುತ್ತದೆ.

ಕರ್ನಾಟಕದಲ್ಲಿ ಸಂಶೋಧನೆ

ದ್ರವಸ್ಫಟಿಕಗಳ ಅಧ್ಯಯನದಲ್ಲಿ ಬೆಂಗಳೂರಿಗೆ ಮುಖ್ಯ ಸ್ಥಾನವಿದೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದು ಅನಂತರ ರಾಮನ್ ಸಂಶೋಧನಾ ಸಂಸ್ಥೆಗೆ ಬಂದ ಎಸ್. ಚಂದ್ರಶೇಖರ್ ಅವರು, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರೊಂದಿಗೆ, ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು 1977ರಲ್ಲಿ ತೋರಿಸಿಕೊಟ್ಟರು. ಅಲ್ಲಿಯವರೆಗೆ ತಿಳಿದಿದ್ದವು ಹೆಚ್ಚಾಗಿ ಕಡ್ಡಿಯಾಕಾರದ ಅಣುಗಳು. ಬಿಲ್ಲೆ ಅಣುಗಳ ತೆಳುಪೊರೆಯನ್ನು ಮುಂದೆ ಎಲ್‌ಸಿಡಿ ಪರದೆಗಳಲ್ಲಿ ಬಳಸಲಾಯಿತು. ಅದು ಹೆಚ್ಚಿಸಿದ್ದು ಪರದೆಯ ವೇಗವನ್ನಲ್ಲ, ಪಕ್ಕದಿಂದ ನೋಡಿದಾಗಲೂ ಚಿತ್ರ ಕೆಡದಂತಹ ನೋಟದ ಕೋನವನ್ನು.