ಜಪ್ಪಾ ಭಂಡಾರದ ರಕ್ಷಕರು

ಅರಸರ ಚರಿತ್ರೆಯನ್ನು ಶಿಲೆಯೂ ತಾಮ್ರಪಟವೂ ಕಾಪಾಡುತ್ತವೆ. ನಾದದ ಚರಿತ್ರೆಗೆ ಇರುವ ಆಧಾರವೆಂದರೆ ಕಾಂತೀಯ ಲೇಪನ ಬಳಿದ ತೆಳುವಾದ ಪಟ್ಟಿ, ಬಹಳವಾದರೆ ಒಂದಿಷ್ಟು ಫಿಲ್ಮ್ ಸುರುಳಿ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರಾಕ್ ಸಂಗೀತವು ಖಂಡಖಂಡಾಂತರಗಳನ್ನು ಆಳಿದ ಮಹಾಯುಗಕ್ಕೆ ನಾವೆಲ್ಲರೂ ವಾರಸುದಾರರು. ಆ ಯುಗದ ಅತ್ಯಂತ ಸ್ವತಂತ್ರ ಪ್ರಭುಗಳಲ್ಲಿ ಒಬ್ಬನಾದ ಫ್ರ್ಯಾಂಕ್ ಜಪ್ಪಾ 1940ರ ಡಿಸೆಂಬರ್ 21ರಂದು ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಜನಿಸಿದ. ತಂದೆ ಸಿಸಿಲಿಯಿಂದ ವಲಸೆ ಬಂದವನು. ರಾಸಾಯನಿಕ ಅಸ್ತ್ರಗಳ ಸರ್ಕಾರಿ ಶಸ್ತ್ರಾಗಾರದಲ್ಲಿ ಅವನಿಗೆ ಕೆಲಸ. ಕುಟುಂಬ ಕ್ಯಾಲಿಫೋರ್ನಿಯಕ್ಕೆ ಹೋಗಿ ನೆಲೆಸಿತು. ಹದಿನೈದನೆಯ ಹುಟ್ಟುಹಬ್ಬಕ್ಕೆ ಆ ಬಾಲಕ ಬೇಡಿದ್ದು ಆಟಿಕೆಯನ್ನಲ್ಲ, ನ್ಯೂಯಾರ್ಕಿನ ಸಂಯೋಜಕ ಎಡ್ಗಾರ್ ವರೇಸ್‌ರ ಮನೆಗೆ ಒಂದು ಟ್ರಂಕ್ ಕಾಲ್. ಅವನ ಮಹತ್ವಾಕಾಂಕ್ಷೆಯ ಅಳತೆ ಅಂದೇ ಸಿಕ್ಕಿತ್ತು: ಬೀದಿಯ ರಾಗವೂ ಸಭಾಂಗಣದ ವಾದ್ಯವೃಂದವೂ ಒಂದೇ ಲೇಖನಿಯ ಅಧೀನಕ್ಕೆ ಬರಬೇಕು.

1966ರಲ್ಲಿ ಮದರ್ಸ್ ಆಫ್ ಇನ್ವೆನ್ಷನ್ ತಂಡದೊಡನೆ ಅವನು ಹೊರತಂದ ‘ಫ್ರೀಕ್ ಔಟ್!’ ಮೊದಲ ಹೆಜ್ಜೆಯಲ್ಲೇ ಎರಡು ತಟ್ಟೆಗಳ ಆಲ್ಬಂ. ಅಲ್ಲಿಂದ ಮುಂದೆ ವರ್ಷ ವರ್ಷವೂ ದಂಡಯಾತ್ರೆ. ವಿಧಿಯೂ ಸುಮ್ಮನಿರಲಿಲ್ಲ. 1971ರ ಡಿಸೆಂಬರ್ 4ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ನಗರದಲ್ಲಿ ಅವನ ಕಛೇರಿ ನಡೆಯುತ್ತಿದ್ದಾಗಲೇ ಕಸಿನೋ ಹೊತ್ತಿ ಉರಿದು ವಾದ್ಯಗಳೆಲ್ಲ ಭಸ್ಮವಾದವು. ಆರೇ ದಿನಗಳ ಬಳಿಕ ಲಂಡನ್ನಿನ ರೇನ್‌ಬೋ ಥಿಯೇಟರಿನಲ್ಲಿ ಪ್ರೇಕ್ಷಕನೊಬ್ಬ ಅವನನ್ನು ವೇದಿಕೆಯಿಂದ ಕೆಳಗಿನ ಹಳ್ಳಕ್ಕೆ ನೂಕಿದ. ಗಾಲಿಕುರ್ಚಿಯಲ್ಲಿ ತಿಂಗಳುಗಳು ಕಳೆದವು. ಕಂಠನಾಳಕ್ಕೆ ಬಿದ್ದ ಪೆಟ್ಟಿನಿಂದ ಧ್ವನಿಯೇ ಕೆಳಗಿಳಿಯಿತು. ಆದರೂ ಅವನು ಎದ್ದ, ಸಂಯೋಜಿಸಿದ, ತನ್ನ ಮೂಲಮುದ್ರಣಗಳ ಒಡೆತನಕ್ಕಾಗಿ ಬಲಾಢ್ಯ ವಾರ್ನರ್ ಸಂಸ್ಥೆಯೊಡನೆ ನ್ಯಾಯಾಲಯದಲ್ಲಿ ಸೆಣಸಿ ಅವುಗಳನ್ನು ಮರಳಿ ಗೆದ್ದ. ನನ್ನ ದೃಷ್ಟಿಯಲ್ಲಿ ಅವನ ವಿಜಯಗಳಲ್ಲೆಲ್ಲ ಇದೇ ದೊಡ್ಡದು. ಮುಂದಿನ ಕಥೆಯೆಲ್ಲವೂ ಆ ಒಡೆತನದ ಮೇಲೆಯೇ ನಿಂತಿದೆ. 1985ರಲ್ಲಿ ಹಾಡುಗಳ ಸಾಹಿತ್ಯಕ್ಕೆ ಎಚ್ಚರಿಕೆಯ ಚೀಟಿ ಅಂಟಿಸಬೇಕೆಂಬ ಒತ್ತಡ ಎದ್ದಾಗ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಕುಳಿತು ಅದನ್ನು ಖಂಡಿಸಿದವನೂ ಅವನೇ.

ಅವನು ಅದುವರೆಗೆ ಕಾಲಿಡದಿದ್ದ ಒಂದು ನಾಡಿನಲ್ಲಿ ಈ ನಡುವೆ ಅವನ ಕೀರ್ತಿ ಬೇರುಬಿಟ್ಟಿತ್ತು. 1968ರಲ್ಲಿ ಸೋವಿಯತ್ ಸೇನೆ ಚೆಕೊಸ್ಲೊವಾಕಿಯವನ್ನು ತುಳಿದ ಮೇಲೆ ಪ್ರಾಗ್‌ನ ತರುಣರು ಒಂದು ತಂಡ ಕಟ್ಟಿ, ಅವನ ಹಾಡೊಂದರಿಂದ ಹೆಸರು ಪಡೆದು, ‘ಪ್ಲಾಸ್ಟಿಕ್ ಪೀಪಲ್ ಆಫ್ ದ ಯೂನಿವರ್ಸ್’ ಎಂದು ಕರೆದುಕೊಂಡರು. 1976ರಲ್ಲಿ ಅವರ ಮೇಲೆ ನಡೆದ ವಿಚಾರಣೆಯ ಕಾವಿನಲ್ಲಿ ‘ಚಾರ್ಟರ್ 77’ ಎಂಬ ಪ್ರತಿಭಟನಾಪತ್ರ ರೂಪುಗೊಂಡಿತು. ಅದರ ಮುಂಚೂಣಿಯಲ್ಲಿದ್ದ ನಾಟಕಕಾರ ವಾಕ್ಲಾವ್ ಹಾವೆಲ್ 1989ರ ಕೊನೆಯಲ್ಲಿ ರಾಷ್ಟ್ರಾಧ್ಯಕ್ಷನಾದ. ಮರುತಿಂಗಳೇ ಜಪ್ಪಾ ಪ್ರಾಗ್‌ಗೆ ಬಂದಿಳಿದಾಗ ಜನಸಾಗರ ಅವನನ್ನು ಎದುರುಗೊಂಡಿತು. ಸಾಮ್ರಾಜ್ಯವೊಂದು ಕುಸಿದ ಕಥೆಯಲ್ಲಿ ಒಬ್ಬ ಗಿಟಾರ್ ವಾದಕನ ಹೆಸರು ಹೀಗೆ ಸೇರಿಹೋಯಿತು.

ಆದರೆ ವ್ಯಾಧಿ ಆಗಲೇ ದೇಹವನ್ನು ಹೊಕ್ಕಿತ್ತು. ಪ್ರಾಸ್ಟೇಟ್ ಕ್ಯಾನ್ಸರ್‌ಗೆ ತುತ್ತಾಗಿ 1993ರ ಡಿಸೆಂಬರ್ 4ರಂದು, ಮಾಂಟ್ರೋ ಬೆಂಕಿಗೆ ಇಪ್ಪತ್ತೆರಡು ವರ್ಷ ತುಂಬಿದ ದಿನವೇ, ಐವತ್ತಮೂರು ತುಂಬುವ ಮೊದಲೇ ಅವನು ಅಸ್ತಂಗತನಾದ. ಅರುವತ್ತಕ್ಕೂ ಹೆಚ್ಚು ಆಲ್ಬಂಗಳನ್ನು ಲೋಕಕ್ಕೆ ಕೊಟ್ಟಿದ್ದ. ಕೊಡದೆ ಉಳಿದದ್ದು ಇನ್ನೂ ಅಪಾರ. ಲಾಸ್ ಏಂಜಲೀಸಿನ ಲಾರೆಲ್ ಕ್ಯಾನ್ಯನ್ ಗುಡ್ಡದ ಮನೆಯ ನೆಲಮಾಳಿಗೆಯಲ್ಲಿ ಕಛೇರಿಗಳ ಧ್ವನಿಸುರುಳಿ, ಅಭ್ಯಾಸದ ತುಣುಕು, ಸಂದರ್ಶನ, ಚಲಚ್ಚಿತ್ರ, ವಿಡಿಯೋ ಎಲ್ಲವನ್ನೂ ಅವನು ಸಾಲುಸಾಲಾಗಿ ಜೋಡಿಸಿಟ್ಟಿದ್ದ. ಪತ್ನಿ ಗೇಲ್ ಎರಡು ದಶಕಗಳ ಕಾಲ ಆ ಭಂಡಾರದ ಬಾಗಿಲನ್ನು ಕಠಿಣವಾಗಿ ಕಾದಳು. ನಟ, ನಿರ್ದೇಶಕ ಅಲೆಕ್ಸ್ ವಿಂಟರ್ ಜಪ್ಪಾನ ಪೂರ್ಣಚರಿತ್ರೆಯನ್ನು ಚಿತ್ರಿಸುವ ಆಸೆಯಿಂದ ಬಂದಾಗ ಕೀಲಿಕೈ ಕೊಟ್ಟವಳೂ ಅವಳೇ. 2015ರ ಅಕ್ಟೋಬರಿನಲ್ಲಿ ಅವಳೂ ತೀರಿಕೊಂಡಳು. ಉಯಿಲಿನಂತೆ ನಾಲ್ವರು ಮಕ್ಕಳಲ್ಲಿ ಇಬ್ಬರಿಗೆ ತಲಾ ಶೇ. 30, ಉಳಿದಿಬ್ಬರಿಗೆ ತಲಾ ಶೇ. 20ರ ಪಾಲು ಬಂದು ಒಡಹುಟ್ಟಿದವರ ಮನಸ್ತಾಪ ಬಹಿರಂಗವಾಯಿತು. ಮನೆಯೇ ಮಾರಾಟಕ್ಕೆ ಬಂತು. ಗಾಯಕಿ ಲೇಡಿ ಗಾಗಾ ಅದನ್ನು ಕೊಂಡಳು. ಹಿರಿಯರು ಕಣ್ಮುಚ್ಚಿದೊಡನೆ ರಾಜ್ಯ ಹಂಚಿಹೋಗುವುದು ಚರಿತ್ರೆ ಓದಿದವರಿಗೆ ಹೊಸದಲ್ಲ.

ಉಯಿಲಿನ ಹಂಚಿಕೆಗಿಂತ ಘೋರವಾದ ಶತ್ರು ಕಪಾಟುಗಳೊಳಗೇ ಬೆಳೆಯುತ್ತಿತ್ತು. 1970, 80ರ ದಶಕಗಳ ಅನೇಕ ಟೇಪುಗಳಲ್ಲಿ ಕಾಂತೀಯ ಕಣಗಳನ್ನು ಹಿಡಿದಿಡುವ ಅಂಟು ಗಾಳಿಯ ತೇವ ಹೀರಿ ಜಿಗುಟಾಗುತ್ತದೆ. ಅಂಥ ಟೇಪನ್ನು ಹಾಗೆಯೇ ಓಡಿಸಿದರೆ ಲೇಪನ ಕಿತ್ತುಬಂದು ನಾದವೇ ನಾಶವಾಗುತ್ತದೆ. ಹದವಾದ ಶಾಖದಲ್ಲಿ ಗಂಟೆಗಟ್ಟಲೆ ಒಣಗಿಸಿ, ಆ ಗುಣ ಉಳಿದಿರುವಷ್ಟರೊಳಗೆ ಡಿಜಿಟಲ್ ಪ್ರತಿ ಮಾಡಿಕೊಳ್ಳಬೇಕು. ಹಳೆಯ ಅಸಿಟೇಟ್ ಫಿಲ್ಮಿನ ಗತಿಯೂ ಅಷ್ಟೇ: ವಿನೆಗರಿನ ಹುಳಿವಾಸನೆ ಬಂತೆಂದರೆ ಅದು ಕೊಳೆಯತೊಡಗಿದೆಯೆಂದು ಅರ್ಥ. ಇದಕ್ಕೆ ಯಂತ್ರ ಬೇಕು, ನುರಿತ ಕೈ ಬೇಕು, ಎಲ್ಲಕ್ಕಿಂತ ಮೊದಲು ಹಣ ಬೇಕು. 2016ರ ಮಾರ್ಚಿನಲ್ಲಿ ವಿಂಟರ್ ಕಿಕ್‌ಸ್ಟಾರ್ಟರ್ ಮೂಲಕ ಅಭಿಮಾನಿಗಳ ಮುಂದೆ ಕೈಚಾಚಿದ. ಬೇಡಿದ್ದು 5 ಲಕ್ಷ ಡಾಲರ್. ಬಂದದ್ದು 11 ಲಕ್ಷಕ್ಕೂ ಹೆಚ್ಚು. ಕಿಕ್‌ಸ್ಟಾರ್ಟರಿನಲ್ಲಿ ಅಲ್ಲಿಯವರೆಗೆ ಯಾವ ಸಾಕ್ಷ್ಯಚಿತ್ರಕ್ಕೂ ಅಷ್ಟು ಹಣ ಸೇರಿರಲಿಲ್ಲ. ಕೊಟ್ಟವರು 8,000ಕ್ಕೂ ಅಧಿಕ ಮಂದಿ. ಇಂಥ ಕೊಡುಗೆಗೆ ಲಾಭದ ಪಾಲಿಲ್ಲ, ಒಡೆತನವಿಲ್ಲ. ಅದನ್ನು ತಿಳಿದೇ ಕೊಟ್ಟರು. ಕುಟುಂಬದೊಳಗೆ ಪಾಲಿನ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿ, ಪಾಲು ಕೇಳದೆ ಭಂಡಾರ ಉಳಿಸಿದ ಈ ಪ್ರಜೆಗಳ ಔದಾರ್ಯವನ್ನು ನಾನು ಯಾವ ಪಟ್ಟಾಭಿಷೇಕಕ್ಕಿಂತಲೂ ಹಿರಿದೆಂದು ಎಣಿಸುತ್ತೇನೆ. ಈ ಭಕ್ತಿಗೆ ಪೂರ್ವಪರಂಪರೆಯೂ ಉಂಟು: 1995ರಲ್ಲಿ ಲಿಥುವೇನಿಯದ ಅಭಿಮಾನಿಗಳು ರಾಜಧಾನಿ ವಿಲ್ನಿಯಸ್‌ನಲ್ಲಿ ಜಪ್ಪಾನ ಶಿರಃಪ್ರತಿಮೆ ನಿಲ್ಲಿಸಿದಾಗ ಅದನ್ನು ರೂಪಿಸಿದವನು ಸೋವಿಯತ್ ನಾಯಕರ ಪ್ರತಿಮೆಗಳನ್ನು ಕಡೆದಿದ್ದ ಶಿಲ್ಪಿ ಕಾನ್ಸ್ಟಾಂಟಿನಾಸ್ ಬೊಗ್ದಾನಸ್.

ಅಭಿಮಾನಿಗಳ ಹಣ ಮೊದಲು ಹೋದದ್ದು ಚಿತ್ರೀಕರಣಕ್ಕಲ್ಲ, ಟೇಪುಗಳ ಜೀವ ಉಳಿಸುವುದಕ್ಕೆ. ಸುಮಾರು ಎರಡು ವರ್ಷ ಆ ರಕ್ಷಣಾಕಾರ್ಯ ನಡೆದು, ಮುರಿದುಹೋಗಲಿದ್ದ ಸುರುಳಿಗಳು ಡಿಜಿಟಲ್ ರೂಪ ತಾಳಿದ ಬಳಿಕವೇ ಸಂಕಲನ ಸಾಗಿತು. 2020ರ ಮಾರ್ಚಿನಲ್ಲಿ ಟೆಕ್ಸಸ್‌ನ ಆಸ್ಟಿನ್ ಉತ್ಸವದಲ್ಲಿ ಮೊದಲ ಪ್ರದರ್ಶನ ಕಾಣಬೇಕಿದ್ದ ‘ಜಪ್ಪಾ’ ಚಿತ್ರಕ್ಕೆ ಮಹಾಮಾರಿ ಅಡ್ಡಬಂತು. ಉತ್ಸವವೇ ರದ್ದಾಗಿ, ನವೆಂಬರಿನಲ್ಲಿ ಚಿತ್ರ ಬಿಡುಗಡೆಯಾಯಿತು. ಎರಡು ಗಂಟೆಗೂ ಮಿಕ್ಕ ಆ ಕಥನದ ಬಹುಭಾಗವನ್ನು ಭಂಡಾರದಿಂದ ಹೊರಬಂದ ದೃಶ್ಯಗಳೂ ಜಪ್ಪಾನ ಸ್ವಂತ ಧ್ವನಿಯೂ ನಡೆಸುತ್ತವೆ. 2022ರಲ್ಲಿ ವಾರಸುದಾರರು ಧ್ವನಿಮುದ್ರಣ, ಹಕ್ಕುಸ್ವಾಮ್ಯ, ಹೆಸರು, ಭಂಡಾರ ಸಮಸ್ತವನ್ನೂ ಯೂನಿವರ್ಸಲ್ ಮ್ಯೂಸಿಕ್ ಸಂಸ್ಥೆಗೆ ವಿಕ್ರಯಿಸಿದರು. ಒಂದು ಸಂಸ್ಥೆಯ ಹಿಡಿತದಿಂದ ಜಪ್ಪಾ ಬಿಡಿಸಿಕೊಂಡಿದ್ದ ಸಂಪತ್ತು ಅವನ ಮರಣದ ಇಪ್ಪತ್ತೊಂಬತ್ತನೆಯ ವರ್ಷದಲ್ಲಿ ಇನ್ನೊಂದು ಸಂಸ್ಥೆಯ ಕೈಸೇರಿತು. ಸೇರುವಾಗ ಅದರಲ್ಲಿ ನಶಿಸಬೇಕಿದ್ದ ಭಾಗ ನಾದವಾಗಿಯೇ ಉಳಿದಿತ್ತು.